ಸರಸ್ವತಿಪುರಂನ ಫಿಸಿಯೋಥೆರಪಿ ಸೆಂಟರ್: ಸರ್ಕಸ್‌ನವಳ ಮಂಡಿಗೆ ಹೇಗಿತ್ತು?

ನಾನು ಸರ್ಕಸ್‌ನಲ್ಲಿ ಲಾಗ ಹಾಕುವವಳು. ನೆಲಕ್ಕೆ ಇಳಿಯುವಾಗ ಮಂಡಿ ತಿರುಚಿ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿಯಂಥ ಲಿಗಮೆಂಟ್, ಹರಿಯಿತು, ಆಪರೇಷನ್ ಆಯಿತು, ಆಮೇಲೆ ಸುಧಾರಿಸಿಕೊಳ್ಳಲು ತವರಿಗೆ, ಮೈಸೂರಿಗೆ ಬಂದೆ.

ಟೆಂಟ್‌ನಲ್ಲಿ ಪೆಟ್ಟಾದರೆ ನಾವು ಐಸ್ ಇಟ್ಟು, ಕ್ರೇಪ್ ಬ್ಯಾಂಡೇಜ್ ಬಿಗಿದು, ಮಾತ್ರೆ ನುಂಗಿ ಸಂಜೆ ಆಟಕ್ಕೆ ಇಳಿದುಬಿಡುತ್ತೇವೆ. ಆಟ ಇಲ್ಲ ಅಂದರೆ ದುಡ್ಡಿಲ್ಲ, ಅಲ್ವಾ. ಸರ್ಕ್ ದು ಸೊಲೆಯ್‌ನಂಥ ದೊಡ್ಡ ಕಂಪನಿಯಲ್ಲಿ ಫಿಸಿಯೋಗಳು ತಂಡದ ಜೊತೆಗೇ ಊರೂರು ಸುತ್ತುತ್ತಾರೆ. ನಾವು ಊರಲ್ಲಿ ಒಳ್ಳೆಯವರನ್ನು ಹುಡುಕಿಕೊಳ್ಳಬೇಕು.

ನನಗೆ ಸಿಕ್ಕಿದ್ದು ಸರಸ್ವತಿಪುರಂನ ಈ ಸೆಂಟರ್. ಇಲ್ಲಿನ ಫಿಸಿಯೋ ಮೇಡಂ ಮೊದಲ ದಿನವೇ ನನ್ನ ಆಟದ ಬಗ್ಗೆ ಕೇಳಿದರು. ಎಷ್ಟು ಎತ್ತರದಿಂದ ಇಳಿಯುತ್ತೀರಿ, ಒಂದು ಕಾಲ ಮೇಲೋ ಎರಡರ ಮೇಲೋ, ಕೆಳಗೆ ಮ್ಯಾಟ್ ಇರುತ್ತಾ? ನನಗೆ ಅಲ್ಲೇ ಧೈರ್ಯ ಬಂತು.

ಅವರು ಹೇಳಿದ್ದರಲ್ಲಿ ಒಂದು ಮಾತನ್ನು ಸರ್ಕಸ್‌ನವರೆಲ್ಲ ಕೇಳಬೇಕು. ಎರಡು ಮೂರು ತಿಂಗಳಿಗೆ ನೋವು ಬಹಳ ಮಟ್ಟಿಗೆ ಹೋಗಿರುತ್ತದೆ, ಓಡೋಣ ಅನ್ನಿಸುತ್ತದೆ, ಆದರೆ ಒಳಗೆ ಕೂರಿಸಿದ ಹೊಸ ಲಿಗಮೆಂಟ್ ಆ ಹೊತ್ತಿಗೆ ಹಾಕಿದ ದಿನಕ್ಕಿಂತಲೂ ಮೆತ್ತಗಿರುತ್ತದೆ. ನಮ್ಮವರು ದುಡುಕುವುದು ಅಲ್ಲೇ. 9 ತಿಂಗಳಿಗೆ ಮೊದಲೇ ಜಿಗಿಯುವ ಆಟಕ್ಕೆ ಹೋದರೆ ಮತ್ತೆ ಹರಿಯುವ ಭಯ ಜಾಸ್ತಿ. 9 ತಿಂಗಳು ಕಳೆದ ಮಾತ್ರಕ್ಕೆ ಕಳಿಸುವುದೂ ಇಲ್ಲ. ತೊಡೆಯ ಬಲ ಒಳ್ಳೆ ಕಾಲಿನ ಶೇ. 90ರಷ್ಟಾದರೂ ಬಂದಿರಬೇಕು, ಕುಂಟಾಬಿಲ್ಲೆ ಥರ ಒಂಟಿಕಾಲಲ್ಲಿ ಜಿಗಿಸಿ ಟೇಪ್ ಹಿಡಿದು ಅಳೆಯುತ್ತಾರೆ, ಅದರಲ್ಲೂ ಅಷ್ಟೇ ಬರಬೇಕು.

ನನಗೆ ಹೆಚ್ಚು ಉಪಯೋಗ ಆಗಿದ್ದು ಇಳಿಯುವುದನ್ನು ಮೊದಲಿಂದ ಕಲಿಸಿದ್ದು. ಪುಟ್ಟ ಮಣೆಯಿಂದ ಶುರು. ಕನ್ನಡಿ ಮುಂದೆ ನಿಂತು, ಮಂಡಿ ಒಳಕ್ಕೆ ವಾಲದ ಹಾಗೆ, ಸದ್ದಾಗದ ಹಾಗೆ ಇಳಿಯಬೇಕು. ಹೆದರಿಕೆ ಇದ್ದ ದಿನ ಎತ್ತರ ಏರಿಸುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಕಾಲು ಕೂತಿದ್ದ ತಿಂಗಳುಗಳಲ್ಲಿ ಕೈ, ಭುಜ, ಹೊಟ್ಟೆಯ ಕಸರತ್ತು ಬಿಡಲು ಕೊಡಲಿಲ್ಲ. ನಿದ್ದೆ, ಊಟ ಕೂಡ ವಿಚಾರಿಸುತ್ತಿದ್ದರು. ಕಾಳು, ಮೊಟ್ಟೆ ಜಾಸ್ತಿ ತಿನ್ನಿ ಅಂತ ಬೆನ್ನು ಬಿದ್ದರು.

ಕೊರತೆಯೂ ಇದೆ. ಸೆಂಟರ್ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಊರುಗೋಲು ಹಿಡಿದು ಆ ಮೆಟ್ಟಿಲು ಹತ್ತುವುದು ನಿಜಕ್ಕೂ ಕಷ್ಟ, ಇದನ್ನು ಅವರು ಸರಿಮಾಡಲೇಬೇಕು. ಮನೆಯಲ್ಲಿ ಮಾಡುವ ವ್ಯಾಯಾಮದ ಹಾಳೆ ಬರೀ ಇಂಗ್ಲಿಷ್‌ನಲ್ಲಿದೆ, ಕೇಳಿದರೆ ಮೇಡಂ ಕನ್ನಡದಲ್ಲಿ ಬರೆದುಕೊಡುತ್ತಾರೆ. ಸಂಜೆ ತುಂಬಾ ಕಾಯಬೇಕು. ಬೆಳಿಗ್ಗೆ ಹೋಗಿ, ಆಪರೇಷನ್ ಕಾಗದ ಜೊತೆಗಿರಲಿ, ನಿಮ್ಮ ಆಟದ ವಿಡಿಯೋ ಇದ್ದರೆ ಅದನ್ನೂ ತೋರಿಸಿ.