ಮಾರ್ಗಸೂಚಿ ದರಕ್ಕಿಂತ ಕಡಿಮೆ ಬೆಲೆಯ ನಿವೇಶನ: ಒಂದು ಆಡಿಟರ್ ಕಚೇರಿಯ ಸೇವೆ ಹೇಗಿತ್ತು?

2024ರ ನವೆಂಬರ್‌ನಲ್ಲಿ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ 30×40 ಅಡಿಯ ನಿವೇಶನ ಕೊಳ್ಳುವ ಮುನ್ನ, ಆಸ್ತಿ ವ್ಯವಹಾರದ ತೆರಿಗೆ ಸಲಹೆ ನೀಡುವ ಒಂದು ಆಡಿಟರ್ ಕಚೇರಿಗೆ ಹೋಗಿದ್ದೆ. ಎರಡು ಭೇಟಿ, ಒಂದು ಲಿಖಿತ ಅಭಿಪ್ರಾಯ, ಕರಾರುಪತ್ರದ ಪರಿಶೀಲನೆ ಮತ್ತು ಟಿಡಿಎಸ್ (ಮಾರುವವರಿಗೆ ಕೊಡುವ ಹಣದಲ್ಲೇ ಕೊಳ್ಳುವವರು ಹಿಡಿದು ಕಟ್ಟುವ ತೆರಿಗೆ) ಪಾವತಿಯ ಕೆಲಸಕ್ಕೆ ಅವರು ಪಡೆದ ಶುಲ್ಕ 12,000 ರೂಪಾಯಿ. ಮೊದಲ ಭೇಟಿಯ ಸಲಹೆಯಲ್ಲೇ ಆ ಹಣ ಸಾರ್ಥಕವಾಯಿತು. ಆನಂತರದ ಕಾಗದಪತ್ರದ ಕೆಲಸದ ಬಗ್ಗೆ ಮಾತ್ರ ನನ್ನ ತಕರಾರಿದೆ.

ನಿವೇಶನದ ಮಾರ್ಗಸೂಚಿ ದರ, ಅಂದರೆ ನೋಂದಣಿಗಾಗಿ ಸರ್ಕಾರ ನಿಗದಿಪಡಿಸಿದ ದರ, ಚದರ ಅಡಿಗೆ 5,500 ರೂಪಾಯಿ, ಅಂದರೆ ಒಟ್ಟು 66 ಲಕ್ಷ. ಮಾತುಕತೆಯಲ್ಲಿ ಇತ್ಯರ್ಥವಾಗಿದ್ದ ಬೆಲೆ 57 ಲಕ್ಷ. ಎದುರಿನ ರಸ್ತೆ ನೇರವಾಗಿ ಬಂದು ನಿವೇಶನಕ್ಕೇ ತಾಗುವುದರಿಂದ ವೀಧಿಶೂಲವೆಂದು ಎರಡು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ. ಮೂಲೆ ನಿವೇಶನಕ್ಕೆ ಹೆಚ್ಚುವರಿ ದರ ಸೇರಿಸುವ ಮಾರ್ಗಸೂಚಿಗೆ ವೀಧಿಶೂಲಕ್ಕಾಗಿ ಕಡಿಮೆ ಮಾಡುವುದು ಗೊತ್ತಿಲ್ಲ. ವಾಸ್ತುವನ್ನು ನಾನು ನಂಬುವುದಿಲ್ಲವಾದ್ದರಿಂದ ಒಂಬತ್ತು ಲಕ್ಷ ಉಳಿಯಿತೆಂದು ಹಿಗ್ಗಿಕೊಂಡೇ ಅವರ ಮುಂದೆ ಕುಳಿತಿದ್ದೆ.

ಹಾಗೆ ಕೊಳ್ಳುವುದು ಅಪರಾಧವಲ್ಲ ಎಂಬುದನ್ನು ಅವರು ಮೊದಲೇ ಸ್ಪಷ್ಟಪಡಿಸಿದರು. ಕ್ರಯಪತ್ರದಲ್ಲಿ ನಿಜವಾಗಿ ಕೊಟ್ಟ ಬೆಲೆಯನ್ನೇ ಬರೆಯಬೇಕು. ಮುದ್ರಾಂಕ ಶುಲ್ಕವನ್ನು ಮಾತ್ರ 66 ಲಕ್ಷದ ಮೇಲೆ ಕಟ್ಟಬೇಕು. ಶೇ 5ರ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರ ವ್ಯಾಪ್ತಿಯಲ್ಲಿ ಶೇ 5.6 ಆಗಿ 3,69,600 ರೂಪಾಯಿ. ನೋಂದಣಿ ಶುಲ್ಕ ಆಗಿನ ಶೇ 1ರಂತೆ 66,000. (2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ.) ಮಾರ್ಗಸೂಚಿ ದರವೇ ಹೆಚ್ಚೆನಿಸಿದರೆ, ಕರ್ನಾಟಕ ಮುದ್ರಾಂಕ ಕಾಯ್ದೆಯ ಕಲಂ 45-ಎ ಅಡಿಯಲ್ಲಿ ಪ್ರಕರಣವನ್ನು ಜಿಲ್ಲಾ ನೋಂದಣಾಧಿಕಾರಿಗೆ ಒಪ್ಪಿಸಿ ಮೌಲ್ಯ ನಿರ್ಧಾರ ಮಾಡಿಸಿಕೊಳ್ಳುವ ದಾರಿಯಿದೆ, ಆದರೆ ನೋಂದಣಿ ಅಲ್ಲಿಯವರೆಗೆ ಬಾಕಿ ಉಳಿಯುತ್ತದೆ.

ನನ್ನ ಹಿಗ್ಗು ಇಳಿದದ್ದು ಆದಾಯ ತೆರಿಗೆಯ ಮಾತು ಬಂದಾಗ. 1961ರ ಕಾಯ್ದೆಯ ಕಲಂ 56(2)(ಎಕ್ಸ್) ಪ್ರಕಾರ, ಮುದ್ರಾಂಕ ಮೌಲ್ಯಕ್ಕೂ (ಮುದ್ರಾಂಕ ಶುಲ್ಕಕ್ಕೆ ಹಿಡಿಯುವ ಮೌಲ್ಯ, ಇಲ್ಲಿ 66 ಲಕ್ಷ) ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವು 50,000 ರೂಪಾಯಿ ಅಥವಾ ಕೊಟ್ಟ ಬೆಲೆಯ ಶೇ 10, ಇವೆರಡರಲ್ಲಿ ಹೆಚ್ಚಿನದನ್ನು ಮೀರಿದರೆ, ಇಡೀ ವ್ಯತ್ಯಾಸ ಕೊಳ್ಳುವವನ 'ಇತರೆ ಮೂಲಗಳ ಆದಾಯ'. ಇಡೀ ಎಂಬ ಪದದ ಕೆಳಗೆ ಅವರು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದರು. 57 ಲಕ್ಷದ ಶೇ 10 ಎಂದರೆ 5.7 ಲಕ್ಷ, ನನ್ನ ವ್ಯತ್ಯಾಸ 9 ಲಕ್ಷ. ನಾನು ಶೇ 30ರ ಹಂತದಲ್ಲಿರುವುದರಿಂದ ಸೆಸ್ ಸೇರಿ ಶೇ 31.2ರಂತೆ 2,80,800 ರೂಪಾಯಿ ತೆರಿಗೆ. ಮಾರುವವರನ್ನೂ ಕಲಂ 50ಸಿ ಬಿಡುವುದಿಲ್ಲ: ಬಂಡವಾಳ ಲಾಭದ ಲೆಕ್ಕಕ್ಕೆ ಅವರು 66 ಲಕ್ಷ ಪಡೆದರೆಂದೇ ಭಾವಿಸಲಾಗುತ್ತದೆ. ಶೇ 12.5ರ ದರ ಮತ್ತು ಸೆಸ್ ಹಿಡಿದರೆ, ಕಣ್ಣಿಗೇ ಕಾಣದ 9 ಲಕ್ಷಕ್ಕೆ ಅವರು ಕಟ್ಟಬೇಕಾದದ್ದು 1,17,000. ಇಬ್ಬರಿಗೂ ಸಿಗದ ಒಂದೇ ಮೊತ್ತಕ್ಕೆ ಇಬ್ಬರಿಂದಲೂ ತೆರಿಗೆ ಕೀಳುವ ಈ ವ್ಯವಸ್ಥೆ ಕಪ್ಪುಹಣ ತಡೆಯಲು ಬಂದದ್ದಿರಬಹುದು. ಚೆಕ್ಕಿನಲ್ಲೇ ಪೂರ್ತಿ ಹಣ ಕೊಡುವವನಿಗೆ ಅದು ಅನ್ಯಾಯವೆಂದೇ ನನಗೆ ಕಾಣುತ್ತದೆ.

ಇಲ್ಲಿಯವರೆಗಿನದನ್ನು ಯಾವ ಆಡಿಟರ್ ಆದರೂ ಹೇಳುತ್ತಿದ್ದರು. ಈ ಕಚೇರಿಯ ವಿಶೇಷ ಮುಂದಿನ ಲೆಕ್ಕದಲ್ಲಿತ್ತು. 57 ಲಕ್ಷಕ್ಕೆ ಕೊಂಡು ತೆರಿಗೆ ಕಟ್ಟಿದರೆ ನನ್ನ ಜೇಬಿನಿಂದ ಹೋಗುವುದು 59,80,800. ಬೆಲೆಯನ್ನೇ 60 ಲಕ್ಷಕ್ಕೆ ಏರಿಸಿದರೆ ವ್ಯತ್ಯಾಸ 6 ಲಕ್ಷ, ಅಂದರೆ ಸರಿಯಾಗಿ ಶೇ 10; ತೆರಿಗೆ ಸೊನ್ನೆ. ನನಗೆ ಹೆಚ್ಚಾಗುವುದು 19,200 ಮಾತ್ರ, ಮಾರುವವರಿಗೆ ಸಿಗುವುದು ಮೂರು ಲಕ್ಷ ಹೆಚ್ಚು, ಅವರ ತೆರಿಗೆಯೂ ನಿಜವಾದ ಬೆಲೆಯ ಮೇಲೆ. 59.9 ಲಕ್ಷದಲ್ಲಿ ನಿಂತರೆ ಮಾತ್ರ 6.1 ಲಕ್ಷದ ಮೇಲೆ 1,90,320 ಕಟ್ಟಬೇಕಾಗುತ್ತಿತ್ತು. ಹತ್ತು ಸಾವಿರದ ಅಂತರದಲ್ಲಿ ಇಷ್ಟು ದೊಡ್ಡ ಹಳ್ಳ ಇದೆಯೆಂದು ನನಗೆ ಹೊಳೆಯುವ ಮಾತೇ ಇರಲಿಲ್ಲ.

ಇದರ ಮತ್ತೊಂದು ಮುಖವನ್ನೂ ಅವರು ಮುಚ್ಚಿಡಲಿಲ್ಲ. ತೆರಿಗೆ ಕಟ್ಟಿದ್ದರೆ, ಮುಂದೆ ಮಾರುವಾಗ ನನ್ನ ಖರೀದಿ ವೆಚ್ಚ 66 ಲಕ್ಷವೆಂದು ಪರಿಗಣಿತವಾಗುತ್ತದೆ. 60ಕ್ಕೆ ಕೊಂಡರೆ ಅದು 60 ಲಕ್ಷವೇ. ವೀಧಿಶೂಲದ ಕಾರಣ ತೋರಿಸಿ, ನಿಜವಾದ ಮಾರುಕಟ್ಟೆ ಬೆಲೆ ಕಡಿಮೆಯೆಂದು ತೆರಿಗೆ ಅಧಿಕಾರಿಯ ಮುಂದೆ ವಾದಿಸಿ ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಪ್ರಕರಣ ಒಪ್ಪಿಸುವಂತೆ ಕೇಳಬಹುದು, ಆದರೆ ಅದೇ ಮೌಲ್ಯವನ್ನು ಮುದ್ರಾಂಕ ಶುಲ್ಕಕ್ಕಾಗಿ ಬೇರೆಡೆ ಈಗಾಗಲೇ ಪ್ರಶ್ನಿಸಿದ್ದರೆ ಈ ಬಾಗಿಲು ಮುಚ್ಚಬಹುದು. ಕಾಗದದಲ್ಲಿ 60 ಬರೆದು ಮೂರು ಲಕ್ಷವನ್ನು ನಗದಾಗಿ ಹಿಂಪಡೆದರೆ ಹೇಗೆ ಎಂದು ನನ್ನ ಭಾವಮೈದುನ ಕೇಳಿದಾಗ, ಹಾಗಿದ್ದರೆ ಬೇರೆ ಆಡಿಟರ್ ನೋಡಿಕೊಳ್ಳಿ ಎಂದಷ್ಟೇ ಹೇಳಿ ಅವರು ಫೈಲು ಮುಚ್ಚಿದರು. ನನಗೆ ಆ ಉತ್ತರ ಹಿಡಿಸಿತು.

ಮಾರುವವರು ಕೇಳಿದ್ದ ಒಂದು ಲಕ್ಷ ನಗದು ಮುಂಗಡವನ್ನೂ ಅವರೇ ತಡೆದರು. 20,000 ಅಥವಾ ಅದಕ್ಕೂ ಹೆಚ್ಚಿನ ನಗದು ಮುಂಗಡಕ್ಕೆ ಕಲಂ 269ಎಸ್‌ಎಸ್ ಅಡ್ಡ ಬರುತ್ತದೆ, ಪಡೆದವರ ಮೇಲೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಜೊತೆಗೆ, ಕರಾರಿನ ದಿನದೊಳಗೆ ಮುಂಗಡ ಬ್ಯಾಂಕ್ ಮೂಲಕ ಹೋಗಿದ್ದರೆ, ನೋಂದಣಿಯ ಹೊತ್ತಿಗೆ ಮಾರ್ಗಸೂಚಿ ದರ ಏರಿದ್ದರೂ ಆದಾಯ ತೆರಿಗೆಗೆ ಕರಾರಿನ ದಿನದ ಮೌಲ್ಯವನ್ನೇ ಹಿಡಿಯಬಹುದು. 2023ರ ಅಕ್ಟೋಬರ್ 1ರಂದು ರಾಜ್ಯದಲ್ಲಿ ದರ ಪರಿಷ್ಕರಣೆಯಾದಾಗ ಈ ವಿನಾಯಿತಿಯ ಬೆಲೆ ಹಲವರಿಗೆ ಅರ್ಥವಾಗಿರಬೇಕು. ನಾವು ಆರ್‌ಟಿಜಿಎಸ್‌ನಲ್ಲಿ ಕಳಿಸಿದೆವು.

ಇನ್ನು ತಕರಾರು. 2022ರ ಏಪ್ರಿಲ್‌ನಿಂದ ಕಲಂ 194-ಐಎ ಅಡಿಯ ಶೇ 1 ಟಿಡಿಎಸ್ ಅನ್ನು ಬೆಲೆ ಮತ್ತು ಮುದ್ರಾಂಕ ಮೌಲ್ಯದಲ್ಲಿ ಹೆಚ್ಚಿನದರ ಮೇಲೆ ಕಡಿತ ಮಾಡಬೇಕು. ನಮ್ಮ ವ್ಯವಹಾರಕ್ಕೆ ಅದು 66,000. ಲಿಖಿತ ಅಭಿಪ್ರಾಯದ ಎರಡನೆಯ ಪುಟದಲ್ಲಿ ಇದನ್ನು ಸರಿಯಾಗಿಯೇ ಬರೆದಿದ್ದ ಕಚೇರಿಯ ಸಹಾಯಕರು ಟಿಡಿಎಸ್ ಕಟ್ಟುವ 26ಕ್ಯೂಬಿ ಫಾರಂ ತುಂಬುವಾಗ, ನಾವು ಕೊನೆಗೆ ಒಪ್ಪಿದ 60 ಲಕ್ಷದ ಬೆಲೆಯನ್ನಷ್ಟೇ ಹಿಡಿದು 60,000 ಎಂದು ಹಾಕಿದರು. ರಸೀದಿ ನೋಡಿ ನಾನೇ ಫೋನ್ ಮಾಡಬೇಕಾಯಿತು. ಉಳಿದ 6,000ಕ್ಕೆ ಎರಡನೆಯ ಚಲನ್ ಕಟ್ಟಿ ಸರಿಪಡಿಸಿದರಾದರೂ, ಮಾರುವವರಿಗೆ ಕೊಡಬೇಕಾದ ಟಿಡಿಎಸ್ ಪ್ರಮಾಣಪತ್ರವಾದ ಫಾರಂ 16ಬಿಗಾಗಿ ಮೂರು ಸಲ ನೆನಪಿಸಬೇಕಾಯಿತು.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರುವುದರಿಂದ ಮೇಲಿನ ಆದಾಯ ತೆರಿಗೆಯ ಕಲಂ ಸಂಖ್ಯೆಗಳು ಬದಲಾಗಿವೆ. ಈಗ ಕೊಳ್ಳುವವರು ಹೊಸ ಸಂಖ್ಯೆಗಳನ್ನು ಕೇಳಿ ತಿಳಿಯಬೇಕು. ಕರಾರಿಗೆ ಸಹಿ ಹಾಕುವ ಮೊದಲು ಲೆಕ್ಕ ಹಾಕಿಸಲು ನಾನು ಮತ್ತೆ ಇದೇ ಕಚೇರಿಗೆ ಹೋಗುತ್ತೇನೆ, ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಟಿಡಿಎಸ್ ಅನ್ನು ಮಾತ್ರ ಮನೆಯಲ್ಲಿ ಕುಳಿತು ನಾನೇ ಕಟ್ಟುತ್ತೇನೆ.