ಕನ್ನಡತಿ: ಅಮ್ಮಮ್ಮ ಇರುವ ತನಕ ಒಂದು ಧಾರಾವಾಹಿ, ಆಮೇಲೆ ಇನ್ನೊಂದು

2020ರ ಜನವರಿಯಲ್ಲಿ ಶುರುವಾಗಿ 2023ರ ಫೆಬ್ರವರಿಯಲ್ಲಿ ಮುಗಿದ ‘ಕನ್ನಡತಿ’ಯನ್ನು ಟಿವಿಯಲ್ಲಿ ಮೊದಲಿನಿಂದ ಕೊನೆಯವರೆಗೂ ನೋಡಿದ್ದೇನೆ. ಈಗ ಆಪ್‌ನಲ್ಲಿ ಮತ್ತೆ ನೋಡುತ್ತಿದ್ದೇನೆ. ಕನ್ನಡ ಟೀಚರ್ ಭುವಿ, ಅವಳು ಪ್ರೀತಿಸುವ ಹರ್ಷ, ಹರ್ಷನಿಗಾಗಿ ಹಠ ಹಿಡಿಯುವ ಭುವಿಯ ಗೆಳತಿ ವರೂಧಿನಿ, ಇವರ ಕತೆ ನೋಡಿದವರಿಗೆಲ್ಲ ಗೊತ್ತೇ ಇದೆ. ನಾನು ಬರೆಯೋಕೆ ಕೂತಿದ್ದು ಅಮ್ಮಮ್ಮನಿಗಾಗಿ.

ಚಿತ್ಕಳಾ ಬಿರಾದಾರ್ ಮಾಡಿದ, ಹರ್ಷನ ತಾಯಿ ರತ್ನಮಾಲಾ ಪಾತ್ರ ಅದು. ನಮ್ಮ ಧಾರಾವಾಹಿಗಳ ಅತ್ತೆಯರನ್ನು ಒಂದು ಸಲ ನೆನಪಿಸಿಕೊಳ್ಳಿ. ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡುತ್ತಾರೆ, ಸೊಸೆಯ ಅಡುಗೆಗೆ ಉಪ್ಪು ಸುರಿಯುತ್ತಾರೆ. ಇಲ್ಲಿ ಹಾಗಲ್ಲ. ದೊಡ್ಡ ವ್ಯವಹಾರ ಕಟ್ಟಿದ ಹೆಂಗಸು ಒಬ್ಬ ಕನ್ನಡ ಟೀಚರನ್ನು ನೋಡಿ, ನನ್ನ ಮನೆಗೆ ಇವಳೇ ಬರಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ದರ್ಪ ಇಲ್ಲ, ಅತಿಯಾದ ಕಣ್ಣೀರೂ ಇಲ್ಲ. ಮಾತು ಮುಗಿಸಿ ಸುಮ್ನೆ ಒಂದು ಕ್ಷಣ ನೋಡುತ್ತಾಳಲ್ಲ, ಅದರಲ್ಲೇ ಎಲ್ಲ ಬಂದುಬಿಡುತ್ತದೆ. ಮರೆವಿನ ಕಾಯಿಲೆ ಶುರುವಾದ ಮೇಲಂತೂ ಆ ಮುಖದಲ್ಲಿ ಒಂದು ಚಿಕ್ಕ ಗಾಬರಿ ಬಂದು ಸೇರಿಕೊಂಡಿತು. ಅದನ್ನು ಮುಚ್ಚಿಡೋಕೆ ಅವಳು ಪಡುವ ಕಷ್ಟ ನೋಡಿ ನನ್ನ ಅತ್ತೆ ಎಷ್ಟೋ ಸಲ ಎದ್ದು ಒಳಗೆ ಹೋಗಿದ್ದಾರೆ.

ನಮ್ಮ ಮನೆಯಲ್ಲಿ ಧಾರಾವಾಹಿಯ ಹೊತ್ತಿಗೆ ಒಂದು ಕ್ರಮ ಇತ್ತು. ಸಾರು ಕುದಿಸಿ ಇಳಿಸಿರಬೇಕು, ಅನ್ನದ ಕುಕ್ಕರ್ ಮಾತ್ರ ಒಲೆ ಮೇಲೆ. ಚಳಿಗಾಲವಾದರೆ ಮೊರದ ತುಂಬ ಅವರೆಕಾಯಿ. ಅತ್ತೆ ಸೋಫಾದಲ್ಲಿ, ನಾನು ನೆಲದಲ್ಲಿ. ಜಾಹೀರಾತು ಬಂದ ಕೂಡಲೇ ದನಿ ಬಂದ್. ಆ ಬಿಡುವಿನಲ್ಲಿ ನಮ್ಮ ಮಾತು: ಭುವಿ ಇವತ್ತು ಉಟ್ಟ ಸೀರೆ ಇಳಕಲ್ ಅಲ್ವಾ, ಹರ್ಷ ಯಾಕೆ ಇಷ್ಟು ಬೇಗ ರೇಗುತ್ತಾನೆ. ಸಂಚಿಕೆ ಮುಗಿದರೂ ನಾವು ಏಳುತ್ತಿರಲಿಲ್ಲ. ಕೊನೆಗೆ ಭುವಿ ಪಾತ್ರದ ರಂಜನಿ ರಾಘವನ್ ಬಂದು ‘ಸರಿಗನ್ನಡಂ ಗೆಲ್ಗೆ’ಯಲ್ಲಿ ಎರಡು ಮಾತು ಹೇಳಿ ಹೋಗುತ್ತಿದ್ದರು. ನಾವು ತಪ್ಪಾಗಿ ಬಳಸುವ ಕನ್ನಡವನ್ನು ತಿದ್ದುವ ಪುಟ್ಟ ಭಾಗ ಅದು. ನಿಮಿಷದಲ್ಲಿ ಮುಗಿಯುತ್ತಿತ್ತು. ಮಗ ಟಿವಿ ಕಡೆ ತಿರುಗಿ ನೋಡುತ್ತಿದ್ದದ್ದು ಅದಕ್ಕೆ ಮಾತ್ರ. ಮನೋರಂಜನೆಯ ಹೊತ್ತಿನಲ್ಲಿ ಭಾಷೆಗೆ ಇಷ್ಟು ಜಾಗ ಕೊಟ್ಟವರಿಗೆ ನಾನು ಋಣಿ. ‘ಪುಟ್ಟಗೌರಿ ಮದುವೆ’ಯ ಗೌರಿಯಾಗಿ ನೋಡಿದ್ದ ಹುಡುಗಿ ಇಲ್ಲಿ ಬೇರೆಯೇ ಆಗಿ ಕಂಡರು. ‘ಕತೆ ಡಬ್ಬಿ’ ಅನ್ನುವ ಕಥಾಸಂಕಲನ ಬರೆದವರು ಅಂತ ಗೊತ್ತಾದ ಮೇಲೆ ಅವರ ಮಾತಿನ ತೂಕ ಎಲ್ಲಿಂದ ಬಂತು ಅಂತ ಅರ್ಥವಾಯಿತು.

ಇನ್ನು ನನ್ನ ದೂರು. ಸೌಪರ್ಣಿಕಾ.

ಅಮ್ಮಮ್ಮ ಆಸ್ತಿಯನ್ನು ಸೌಪರ್ಣಿಕಾ ಹೆಸರಿಗೆ ಬರೆದಿಟ್ಟಿದ್ದಾಳೆ. ಸೌಪರ್ಣಿಕಾ ಅಂದರೆ ಭುವಿ ಅಂತ ನೋಡುವ ನಮಗೆ ಗೊತ್ತು. ಮನೆಯವರಿಗೆ ಗೊತ್ತಿಲ್ಲ. ಗುಟ್ಟು ಚೆನ್ನಾಗಿತ್ತು. ಮೊದಮೊದಲು ಆ ಮನೆಯ ಸೊಸೆ ಸಾನಿಯಾ ಅದನ್ನು ಹುಡುಕಿಕೊಂಡು ಹೊರಟಾಗ ನಾನೂ ಉಗುರು ಕಚ್ಚಿಕೊಂಡು ಕೂತಿದ್ದೆ. ಆದರೆ ಅದನ್ನು ಎಷ್ಟು ಎಳೆದರು! ಯಾರೋ ಕಾಗದ ಕೈಗೆತ್ತಿಕೊಳ್ಳುತ್ತಾರೆ, ಫೋನ್ ಬರುತ್ತದೆ. ಯಾರೋ ಹೆಸರು ಹೇಳೋಕೆ ಬಾಯಿ ತೆರೆಯುತ್ತಾರೆ, ಬಾಗಿಲ ಹತ್ತಿರ ಇನ್ನೊಬ್ಬರು. ಪ್ರೋಮೋದಲ್ಲಿ ಗುಟ್ಟು ಬಯಲಾದ ಹಾಗೆ ತೋರಿಸಿ, ಮಾರನೇ ದಿನ ಏನೂ ಆಗಿರುವುದಿಲ್ಲ. 2022ರಲ್ಲಿ ಹರ್ಷ–ಭುವಿ ಮದುವೆಯಾಯಿತು. ಗಂಡ ಹೆಂಡತಿ ಒಂದೇ ಕೋಣೆಯಲ್ಲಿದ್ದರೂ ಕತೆಯ ಮುಖ್ಯ ಮಾತು ಅವರ ನಡುವೆ ಬರುವುದಿಲ್ಲ. ಭುವಿ ಯಾವ ಮಾತನ್ನಾದರೂ ನೇರವಾಗಿ ಆಡುವ ಹೆಣ್ಣು ಅಂತ ನನಗೆ ಎರಡು ವರ್ಷ ನಂಬಿಸಿದ್ದು ಇದೇ ಧಾರಾವಾಹಿ. ಅದೇ ಭುವಿ ಬಾಯಿ ಮುಚ್ಚಿಕೊಂಡಾಗ ನನಗೆ ಸಿಟ್ಟು ಬಂತು. ಗುಟ್ಟು ಉಳಿಸಿಕೊಳ್ಳೋಕೆ ಪಾತ್ರವನ್ನೇ ಬಗ್ಗಿಸಿದರು.

ಹೀಗೆ ಯಾಕಾಗುತ್ತದೆ ಅಂತ ನನಗೆ ಅರ್ಥವಾಗುತ್ತದೆ. ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡಿದರು ಅನ್ನುವ ಅಂಕ, ಅಂದರೆ ಟಿಆರ್‌ಪಿ, ಪ್ರತಿ ಗುರುವಾರ ಬರುತ್ತದೆ. ಅದನ್ನು ಅಳೆಯುವ ಬಾರ್ಕ್ ಸಂಸ್ಥೆ ದೇಶದಲ್ಲಿ ಸುಮಾರು 55,000 ಮನೆಗಳಲ್ಲಿ ಮೀಟರ್ ಇಟ್ಟು ಲೆಕ್ಕ ಹಾಕುತ್ತಿದ್ದ ಕಾಲ ಅದು. ಚಾನೆಲ್‌ನ ಧ್ವನಿಯಲ್ಲಿ ಕಿವಿಗೆ ಕೇಳದ ಒಂದು ಗುರುತು ಇರುತ್ತದೆ, ಮೀಟರ್ ಅದನ್ನು ಹಿಡಿಯುತ್ತದೆ. ಯಾರು ನೋಡುತ್ತಿದ್ದಾರೆ ಅಂತ ಮನೆಯವರು ರಿಮೋಟ್‌ನಲ್ಲಿ ಗುಂಡಿ ಒತ್ತಬೇಕು. ಆಫೀಸಿನಿಂದ ಬರುವಾಗ ಬಸ್ಸಿನಲ್ಲಿ ಮೊಬೈಲ್ ಹಿಡಿದು ಇದೇ ಸಂಚಿಕೆ ನೋಡಿದ ಹುಡುಗಿಯರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ‘ಕನ್ನಡತಿ’ಯನ್ನು ಹಾಗೆ ನೋಡಿದವರು ನನ್ನ ಪರಿಚಯದಲ್ಲೇ ತುಂಬ ಜನ ಇದ್ದಾರೆ. ಪಟ್ಟಿಯ ಮೇಲ್ತುದಿಯಲ್ಲಿ ಆಗ ಕಾಣುತ್ತಿದ್ದದ್ದು ‘ಪುಟ್ಟಕ್ಕನ ಮಕ್ಕಳು’, ‘ಗಟ್ಟಿಮೇಳ’. ವಾರ ವಾರ ಅಂಕ ನೋಡಿ ಕತೆ ಬರೆಯುವಾಗ, ಬಿಡಿಸಿಬಿಟ್ಟರೆ ನಾಳೆ ಜನ ಬರುತ್ತಾರೋ ಇಲ್ಲವೋ ಅನ್ನುವ ಭಯ ಇರುತ್ತದೆ. ಒಪ್ಪುತ್ತೇನೆ. ಆದರೆ ನಮ್ಮಂಥವರು ದಿನಾ ಬಂದು ಕೂರುತ್ತಿದ್ದದ್ದು ಗುಟ್ಟಿಗಲ್ಲ. ಅಮ್ಮಮ್ಮ ಮತ್ತು ಭುವಿ ಒಟ್ಟಿಗೆ ಕೂತು ಮಾತಾಡುವುದನ್ನು ನೋಡೋಕೆ.

ಅದಕ್ಕೇ ಅಮ್ಮಮ್ಮನ ಸಾವು ನಮಗೆ ಅಷ್ಟು ತಟ್ಟಿತು. ಆ ಸಂಚಿಕೆಗಳಲ್ಲಿ ಅವಸರ ಇರಲಿಲ್ಲ. ಸಾವನ್ನು ಪ್ರೋಮೋಗಾಗಿ ಬಳಸಿಕೊಂಡ ಹಾಗೆ ನನಗೆ ಅನ್ನಿಸಲಿಲ್ಲ. ಮಗ ಹರ್ಷನಾಗಿ ಕಿರಣ್ ರಾಜ್ ಮಾಡಿದ ಅತ್ಯುತ್ತಮ ಕೆಲಸವೂ ಅಲ್ಲೇ ಇದೆ. ಆದರೆ ಅಲ್ಲಿಂದ ಮುಂದೆ ಕತೆ ಅಮ್ಮಮ್ಮನ ಕಂಪನಿಯ ಕುರ್ಚಿಗಾಗಿ ಜಗಳ ಆಯಿತು. ಸಾನಿಯಾ ಪಾತ್ರಕ್ಕೆ ರಮೋಲಾ ಬದಲು ಆರೋಹಿ ನೈನಾ ಬಂದಿದ್ದಕ್ಕೆ ನಾನು ಬೇಗ ಹೊಂದಿಕೊಂಡೆ, ಇಬ್ಬರೂ ಚೆನ್ನಾಗಿಯೇ ಮಾಡಿದರು. ಹೊಂದಿಕೊಳ್ಳೋಕೆ ಆಗದ್ದು ಆ ಖಾಲಿ ಮನೆಗೆ. ಭುವಿಗೆ ಮಾತಾಡೋಕೆ ಸಮನಾದವರು ಯಾರೂ ಉಳಿಯಲಿಲ್ಲ.

ಈಗ ಮತ್ತೆ ನೋಡುವಾಗ ಸಿಟ್ಟು ಕಡಿಮೆಯಾಗಿದೆ. ಜಾಹೀರಾತು ಇಲ್ಲದ ದುಬಾರಿ ಪ್ಲಾನ್ ನಮಗೆ ಬೇಡ, ಕಡಿಮೆ ದುಡ್ಡಿನದ್ದೇ ಸಾಕು. ಉಯಿಲಿನ ದೃಶ್ಯ ಬಂದರೆ ಬೆರಳಲ್ಲಿ ಮುಂದೆ ಓಡಿಸುತ್ತೇನೆ. ಓಡಿಸಿದ ಮೇಲೂ ಉಳಿಯುವುದು ಬೇಕಾದಷ್ಟಿದೆ: ಶಾಲೆಯ ದೃಶ್ಯಗಳು, ಕೇಳೋಕೆ ಹಿತವಾದ ಸಂಭಾಷಣೆ, ಲಾಕ್‌ಡೌನ್‌ನಿಂದ ಚಿತ್ರೀಕರಣ ನಿಂತು ಮತ್ತೆ ಶುರುವಾದಾಗಿನ ಆ ಹೊಸ ಉತ್ಸಾಹ. ವರೂಧಿನಿಯಾಗಿ ಸಾರಾ ಅಣ್ಣಯ್ಯ ಎಷ್ಟು ಧೈರ್ಯವಾಗಿ ಮಾಡಿದ್ದಾರೆ ಅಂತ ಮೊದಲ ಸಲ ನನಗೆ ಕಂಡಿರಲಿಲ್ಲ. ಅವಳ ಮೇಲೆ ಬರುತ್ತಿದ್ದ ಕೋಪವೇ ಅವರ ನಟನೆಗೆ ಸಿಕ್ಕ ಅಂಕ.

ಹೊಸದಾಗಿ ನೋಡುವವರಿಗೆ ಹೇಳುವುದಿಷ್ಟು. ಶುರುವಿನಿಂದ ಮದುವೆಯವರೆಗೆ ಒಂದೂ ಬಿಡದೆ ನೋಡಿ. ಮದುವೆಯಿಂದ ಅಮ್ಮಮ್ಮನ ಸಾವಿನವರೆಗೆ ಅವರಿರುವ ದೃಶ್ಯಗಳನ್ನು ಮಾತ್ರ ನೋಡಿದರೂ ಸಾಕು. ಅಲ್ಲಿಂದ ನೇರ ಕೊನೆಯ ವಾರಕ್ಕೆ ಹೋಗಿ. ಮೊದಲ ಭಾಗಕ್ಕೆ ಐದರಲ್ಲಿ ಐದು, ಕೊನೆಯ ಭಾಗಕ್ಕೆ ಎರಡು. ಅಮ್ಮಮ್ಮನಿಗೆ ಅಂಕ ಕೊಡುವಷ್ಟು ದೊಡ್ಡವಳಲ್ಲ ನಾನು.