ಹಾಸನದ ಎಂಸಿಎ ಹುಡುಗರೇ, ಪ್ರಾಜೆಕ್ಟ್ ‘ಕಲಿಸ್ತೀವಿ’ ಅನ್ನೋರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಫೈನಲ್ ಸೆಮ್ ಪ್ರಾಜೆಕ್ಟ್ ಮಾಡಿಸಿಕೊಡುವ ಹಾಸನದ ಒಂದು ಸೆಂಟರ್ ವಿಷಯ ಇದು. ಹೆಸರು ಹಾಕುತ್ತಿಲ್ಲ, ದೂರು ಕೊಡುವುದಿದೆ. ಆದರೆ ಫೈನಲ್ ಸೆಮ್ ಬಂತು ಅಂತ ಇಂಥ ಕಡೆ ಅಡ್ವಾನ್ಸ್ ಕೊಡಲು ಹೊರಟವರು ದಯವಿಟ್ಟು ನಿಂತು ಓದಿ.

ನಾನು ಬಿಎಸ್‌ಸಿ ಮುಗಿಸಿ ಎಂಸಿಎಗೆ ಬಂದವಳು. ಮುಂಚೆ 3 ವರ್ಷ ಇದ್ದ ಕೋರ್ಸ್ 2020–21ರಿಂದ 2 ವರ್ಷ ಆಗಿದೆ, ಗೊತ್ತಲ್ವಾ. ನಮ್ಮಂಥವರು ಪಿಎಚ್‌ಪಿ (ವೆಬ್‌ಸೈಟ್ ಬರೆಯುವ ಭಾಷೆ), ಮೈಎಸ್‌ಕ್ಯುಎಲ್ (ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಡೇಟಾಬೇಸ್) ಎಲ್ಲ ಓಡುತ್ತಾ ಓಡುತ್ತಾ ಕಲಿಯಬೇಕು. ಅದಕ್ಕೇ ಹೋಗಿದ್ದು. ರೆಡಿಮೇಡ್ ಬೇಡ, ಕಲಿಸಿಕೊಡಿ ಅಂತ ಮೊದಲ ದಿನವೇ ಬಿಡಿಸಿ ಹೇಳಿದ್ದೆ. ‘ನಿಮ್ಮ ಕೈಯಲ್ಲೇ ಮಾಡಿಸ್ತೀವಿ ಮೇಡಂ, ಟೇಬಲ್ ಡಿಸೈನಿಂದ ಲಾಗಿನ್‌ವರೆಗೂ’ ಅಂದರು. 12 ಸಾವಿರ. ಪೂರ್ತಿ ಅಡ್ವಾನ್ಸ್. ಅಪ್ಪ ಶುಂಠಿ ಮಾರಿದ ದುಡ್ಡು.

ನನ್ನ ವಿಷಯ ಎಪಿಎಂಸಿಗೆ ಬರುವ ಆಲೂಗಡ್ಡೆ ಲೆಕ್ಕ. ರೈತ ಒಂದು ಟೇಬಲ್, ಲಾಟ್ ಒಂದು ಟೇಬಲ್, ಮಂಡಿ ಒಂದು ಟೇಬಲ್. ಒಬ್ಬ ರೈತ ಹತ್ತು ಲಾಟ್ ತಂದರೂ ಅವನ ಫೋನ್ ನಂಬರ್ ಒಂದೇ ಕಡೆ ಇರಬೇಕು, ಇಲ್ಲದಿದ್ದರೆ ನಂಬರ್ ಬದಲಾದಾಗ ಹತ್ತು ಕಡೆ ತಿದ್ದಬೇಕು. ಇಷ್ಟನ್ನು ನಾನೇ ಪೇಪರ್ ಮೇಲೆ ಬರೆದುಕೊಂಡು ಹೋಗಿದ್ದೆ. ಅವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಟೇಬಲ್ ಯಾವಾಗ ಮಾಡೋದು ಸರ್ ಅಂದರೆ, ‘ಅದೆಲ್ಲಾ ರೆಡಿ ಇದೆ, ಇಂಪೋರ್ಟ್ ಕೊಡಿ ಸಾಕು’. ‘ಕ್ಲಾಸ್’ ಅಂದರೆ ಇದೇ. ಒಂದು ಪೆನ್‌ಡ್ರೈವ್, ರೆಡಿ ಫೈಲನ್ನು ಒಳಗೆ ತುಂಬುವ ಒಂದು ಇಂಪೋರ್ಟ್ ಬಟನ್.

ಮನೆಯ ಲ್ಯಾಪ್‌ಟಾಪಲ್ಲಿ ಓಡಲೇ ಇಲ್ಲ. ಡೇಟಾಬೇಸ್‌ಗೆ ಜೋಡಿಸುವ ‘ಮೈಎಸ್‌ಕ್ಯುಎಲ್_ಕನೆಕ್ಟ್’ ಅನ್ನುವ ಫಂಕ್ಷನ್ನೇ ಇಲ್ಲ ಅಂತ ಎರರ್. ಫೋನ್ ಮಾಡಿದರೆ, ‘ಹಳೇ ಜಾಂಪ್ ಹಾಕ್ಕೊಳಮ್ಮ, ಬರುತ್ತೆ’. (ಜಾಂಪ್ ಅಂದರೆ ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೆ ಬರುವ ಸಾಫ್ಟ್‌ವೇರ್.) ಗಮನಿಸಿ, ದುಡ್ಡು ಕೈಗೆ ಬರೋವರೆಗೂ ಮೇಡಂ, ಬಂದಮೇಲೆ ಅಮ್ಮ. ಆಮೇಲೆ ಗೊತ್ತಾಯಿತು, ಆ ಹಳೇ ಫಂಕ್ಷನ್‌ಗಳನ್ನು ಬಳಸಬೇಡಿ ಅಂತ 2013ರಲ್ಲೇ, ಪಿಎಚ್‌ಪಿ 5.5ರಲ್ಲಿ, ಪಿಎಚ್‌ಪಿಯವರೇ ಹೇಳಿದ್ದರು. 2015ರಲ್ಲಿ ಪಿಎಚ್‌ಪಿ 7 ಬಂದಾಗ ತೆಗೆದೇ ಹಾಕಿದ್ದಾರೆ. ಈಗ 12 ಸಾವಿರ ತಗೊಂಡು ಅದನ್ನೇ ಕೊಡುತ್ತಾರೆ!

ಇನ್ನು ಇಂಟರ್ನಲ್ ಡೆಮೋ. ಬರೆಯೋಕೂ ನಾಚಿಕೆ ಆಗುತ್ತೆ. ಇಡೀ ಕ್ಲಾಸ್ ಕೂತಿತ್ತು. ಗೈಡ್ ಸರ್ ಲಾಗಿನ್ ಪೇಜಲ್ಲಿ ಪಾಸ್‌ವರ್ಡ್ ಜಾಗಕ್ಕೆ ಒಂದು ಸಿಂಗಲ್ ಕೋಟ್ ಹಾಕಿ, ‘ಆರ್ 1=1’ ಥರ ಏನೋ ಸೇರಿಸಿ ಎಂಟರ್ ಒತ್ತಿದರು. ಅಡ್ಮಿನ್ ಪೇಜ್ ತೆರೆದೇ ಬಿಟ್ಟಿತು. ಟೈಪ್ ಮಾಡಿದ್ದನ್ನು ಹಾಗೇ ಕ್ವೆರಿಗೆ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ, ಅಂಟಿಸಿದ್ದಾರೆ, 1=1 ಯಾವಾಗಲೂ ನಿಜ, ಬಾಗಿಲು ತೆರೆಯಿತು. ಟೈಪ್ ಮಾಡಿದ್ದನ್ನು ಕ್ವೆರಿಯಿಂದ ಬೇರೆಯಾಗಿಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದ್ದರೆ ಹೀಗಾಗುತ್ತಿರಲಿಲ್ಲ, ಇದು ಮೊದಲ ವಾರ ಹೇಳಿಕೊಡಬೇಕಾದ ಪಾಠ.

ಆಮೇಲೆ ಸರ್ ಡೇಟಾಬೇಸ್ ಒಳಗೆ ನೋಡುವ ಪಿಎಚ್‌ಪಿಮೈಅಡ್ಮಿನ್ ತೆರೆಸಿದರು. ಪಾಸ್‌ವರ್ಡೆಲ್ಲ ಹಾಗೇ ಕಾಣುತ್ತಿದೆ, ಗುರುತು ಸಿಗದ ಹಾಗೆ ಬದಲಿಸಿಡುವ ಹ್ಯಾಶ್ ಗೀಶ್ ಏನಿಲ್ಲ. ಅದಾದರೂ ಹೋಗಲಿ. ಕಾಲಂ ಹೆಸರುಗಳು: ಪೇಷಂಟ್_ನೇಮ್, ವಾರ್ಡ್_ನಂಬರ್, ಡಿಸ್ಚಾರ್ಜ್_ಡೇಟ್. ಯಾವುದೋ ಆಸ್ಪತ್ರೆ ಪ್ರಾಜೆಕ್ಟ್‌ಗೆ ಮೇಲೆ ಮೇಲೆ ‘ರೈತ’, ‘ಮಂಡಿ’ ಅಂತ ಬೋರ್ಡ್ ಬದಲಾಯಿಸಿ ನನಗೆ ಕೊಟ್ಟಿದ್ದರು. ಪೇಷಂಟ್_ನೇಮ್ ಕೆಳಗೆ ನಮ್ಮಪ್ಪನ ಹೆಸರು. ಟೆಸ್ಟ್ ಮಾಡೋಕೆ ನಾನೇ ಹಾಕಿದ್ದೆ. ‘ಆಲೂಗಡ್ಡೆ ಬೆಳೆದವರನ್ನ ಯಾವ ವಾರ್ಡಿಗೆ ಅಡ್ಮಿಟ್ ಮಾಡಿದ್ದೀಯಮ್ಮ?’ ಅಂದರು ಸರ್. ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಸೀದಾ ಸೆಂಟರ್‌ಗೆ ಹೋಗಿ ಕೇಳಿದೆ. ಉತ್ತರ ನೋಡಿ: ‘ಲಾಜಿಕ್ ಸೇಮ್ ಇರುತ್ತಮ್ಮ, ಹೆಸರಲ್ಲೇನಿದೆ?’ ಕಲಿಸ್ತೀವಿ ಅಂದಿದ್ದು? ‘ಇಂಪೋರ್ಟ್ ಮಾಡೋದು ಕಲಿಸಿದ್ವಲ್ಲ.’ ಸರಿ ಮಾಡಿಕೊಡಿ ಅಂದರೆ, ‘ಚೇಂಜಸ್‌ಗೆ ಎಕ್ಸ್‌ಟ್ರಾ ಆಗುತ್ತೆ.’ ದುಡ್ಡು ವಾಪಸ್ ಕೊಡಿ ಅಂದರೆ, ‘ಕೋಡ್ ಡೆಲಿವರಿ ಆದ್ಮೇಲೆ ರಿಫಂಡ್ ಇಲ್ಲ. ನಿಮ್ ಸರ್ ಸ್ವಲ್ಪ ಸ್ಟ್ರಿಕ್ಟು ಅಷ್ಟೇ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ.’ ಇಂಪೋರ್ಟ್ ಮಾಡೋದು ಕಲಿಸಿದ್ವಲ್ಲ ಅಂತೆ! ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ರಸೀದಿ ಕೇಳಿದ್ದಕ್ಕೆ ‘ನಾಳೆ ಬನ್ನಿ’.

ನೀವು ಹೋಗಲೇಬೇಕಾದರೆ, ಖಾಲಿ ಡೇಟಾಬೇಸ್ ತೆರೆದು ನಿಮ್ಮ ಎದುರೇ ಎರಡು ಟೇಬಲ್ ಮಾಡಿ, ಒಂದನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀ ಕೊಟ್ಟು ತೋರಿಸಿ ಅನ್ನಿ. ಅವರ ಡೆಮೋ ಲಾಗಿನ್‌ಗೆ ನೀವೇ ಒಂದು ಸಿಂಗಲ್ ಕೋಟ್ ಹಾಕಿ ನೋಡಿ. ಮುಖ ನೋಡಿದರೇ ಗೊತ್ತಾಗುತ್ತೆ. ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಐಐಟಿಗಳ ಆನ್‌ಲೈನ್ ಪಾಠಗಳಿರುವ ಎನ್‌ಪಿಟೆಲ್‌ನಲ್ಲಿ ಡಿಬಿಎಂಎಸ್ (ಡೇಟಾಬೇಸ್) ಪಾಠ ಪುಕ್ಕಟೆ ಇದೆ. ನಾನೀಗ ಅದನ್ನೇ ನೋಡಿಕೊಂಡು ಮೊದಲಿಂದ ಮಾಡುತ್ತಿದ್ದೇನೆ.

ಗ್ರಾಹಕರ ಸಹಾಯವಾಣಿ 1915ಕ್ಕೆ ಮೊದಲು ಹೇಳುತ್ತೇನೆ, ಆಗಲಿಲ್ಲ ಅಂದರೆ ಹಾಸನದ ಗ್ರಾಹಕರ ಆಯೋಗವೇ ಇದೆ. 5 ಲಕ್ಷದೊಳಗಿನ ದೂರಿಗೆ ಅಲ್ಲಿ ಫೀಸಿಲ್ಲ. ಇದೇ ಸೆಂಟರ್‌ಗೆ ಕೊಟ್ಟವರು ಬೇರೆ ಯಾರಾದರೂ ಇದ್ದರೆ ನಿಮ್ಮ ಫೋನ್‌ಪೇ ಸ್ಕ್ರೀನ್‌ಶಾಟ್ ಅಳಿಸಬೇಡಿ, ಒಟ್ಟಿಗೆ ಹೋಗೋಣ.